ಕೂಗುವ ಮೊದಲು ರಾಶಿಗೆ ಕೈ ಹಾಕಿ

ಆನ್‌ಲೈನ್ ಹರಾಜಿನ ಬಗ್ಗೆ ಬಂದ ಪ್ರಶ್ನೆಗಳಲ್ಲಿ ನಾಲ್ಕನ್ನು ಈ ಸಲ ಆರಿಸಿಕೊಂಡಿದ್ದೇನೆ. ಮಾರುವ ವಸ್ತು ಬೇರೆ ಬೇರೆ, ಊರು ಬೇರೆ ಬೇರೆ. ಆದರೆ ನಾಲ್ಕರಲ್ಲೂ ಯಾರೋ ಒಬ್ಬರು ‘ಇಲ್ಲಿ ಬೇಡ, ಆಚೆ ಬನ್ನಿ, ಮಾತಾಡೋಣ’ ಎಂದು ಕರೆಯುತ್ತಿದ್ದಾರೆ.

ಪ್ರಶ್ನೆ: ಅಪ್ಪ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವರು. ಅವರ ಎಚ್‌ಎಂಟಿ ‘ಪೈಲಟ್’ ಮಾದರಿಯ ವಾಚು ಮನೆ ಬದಲಾಯಿಸುವಾಗ ಕಳೆದುಹೋಯಿತು. ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಅಂಥದ್ದೇ ಒಂದನ್ನು ಕೊಡೋಣವೆಂದು ಇಬೇ ಎಂಬ ಹರಾಜು ತಾಣದಲ್ಲಿ ಹುಡುಕಿದೆ. ಮುಂಬೈನ ಒಬ್ಬರು ‘ಹಳೇ ಸ್ಟಾಕು, ಬಳಸೇ ಇಲ್ಲ’ ಎಂದು ಹಾಕಿದ್ದಾರೆ. ಕೂಗು 42 ಡಾಲರಿಗೆ ಬಂದಿದೆ. ಏನೋ ಕೇಳಿದ್ದಕ್ಕೆ, ‘ವಾಟ್ಸ್‌ಆ್ಯಪ್‌ಗೆ ಬನ್ನಿ, 35ಕ್ಕೆ ಕೊಡ್ತೀನಿ’ ಎಂದರು. ತೆಗೆದುಕೊಳ್ಳಲೇ?
— ಡಲ್ಲಾಸ್‌ನಿಂದ ಓದುಗರೊಬ್ಬರು

ವಾಟ್ಸ್‌ಆ್ಯಪ್‌ಗೆ ಹೋಗಬೇಡಿ. ಏಳು ಡಾಲರ್ ಉಳಿಸಲು ಹೋಗಿ ನೀವು ಬಿಟ್ಟುಕೊಡುವುದು ಇಬೇಯ ಹಣ ವಾಪಸಾತಿ ಖಾತರಿಯನ್ನು. ವಾಚು ಬರಲೇ ಇಲ್ಲ, ಅಥವಾ ಬಂದದ್ದು ಹೇಳಿದಂತಿಲ್ಲ ಎಂದಾದರೆ, ಕೈಸೇರಿದ ದಿನದಿಂದ (ಬರದೇ ಇದ್ದರೆ, ಬರಬೇಕಿದ್ದ ಕೊನೆಯ ದಿನದಿಂದ) 30 ದಿನಗಳೊಳಗೆ ದೂರು ಕೊಟ್ಟು ಹಣ ಕೇಳಬಹುದು. ದುಡ್ಡು ತಾಣದ ಒಳಗೇ ಕಟ್ಟಿದವರಿಗೆ ಮಾತ್ರ ಈ ರಕ್ಷಣೆ. ಹಣ ಕಳಿಸುವ ಪೇಪಾಲ್ ಸೇವೆಯಲ್ಲಿ ‘ಸ್ನೇಹಿತರು, ಮನೆಯವರು’ ಎಂಬ ದಾರಿಯಲ್ಲಿ ಕಳಿಸಿ ಎಂದು ಯಾರಾದರೂ ಹೇಳಿದರೆ ಅದೂ ಇದೇ ಆಟ. ಆ ದಾರಿಯಲ್ಲಿ ಹೋದ ಹಣಕ್ಕೆ ಖರೀದಿದಾರರ ರಕ್ಷಣೆ ಇರುವುದಿಲ್ಲ.

ಈಗ ವಾಚಿನ ವಿಷಯ. ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚ್ ಉದ್ಯಮವನ್ನು ಮುಚ್ಚಲು ಸರ್ಕಾರ ತೀರ್ಮಾನಿಸಿದ್ದು 2016ರಲ್ಲಿ. ಆಮೇಲೆ ಹಳೇ ಎಚ್‌ಎಂಟಿಗೆ ಬೇಡಿಕೆ ಏರಿತು. ಬೇಡಿಕೆ ಏರಿದ ಕಡೆ ಬಣ್ಣದ ಡಬ್ಬಿಯೂ ಬರುತ್ತದೆ. ಮಾಸಿದ ಡಯಲ್ ಉಜ್ಜಿ, ಹೊಸದಾಗಿ ಬಣ್ಣ ಹೊಡೆದು, ಹೆಸರು ಮುದ್ರಿಸಿ, ನಾಲ್ಕು ವಾಚಿನ ಬಿಡಿಭಾಗ ಸೇರಿಸಿ ಒಂದು ವಾಚು ಮಾಡುತ್ತಾರೆ. ವಾಚು ಸಂಗ್ರಹಿಸುವವರು ಇದಕ್ಕೆ ಇಟ್ಟಿರುವ ಅಡ್ಡಹೆಸರು ‘ಮುಂಬೈ ಸ್ಪೆಷಲ್’. ಮುಂಬೈನವರೆಲ್ಲ ಹೀಗೆ ಎಂದಲ್ಲ. ಆ ವಾಚು ಓಡುವುದಿಲ್ಲ ಎಂದೂ ಅಲ್ಲ, ಚೆನ್ನಾಗಿಯೇ ಓಡಬಹುದು. ಆದರೆ ಅದನ್ನು ‘ಬಳಸೇ ಇಲ್ಲ’ ಎಂದು ಮಾರಿದರೆ ಸುಳ್ಳು.

ಫೋಟೋವನ್ನು ದೊಡ್ಡದು ಮಾಡಿ ಅಕ್ಷರ ನೋಡಿ. ಕಾರ್ಖಾನೆಯ ಮುದ್ರಣದಲ್ಲಿ ಅಂಚು ಚೂಪಾಗಿರುತ್ತದೆ. ಮತ್ತೆ ಬಳಿದದ್ದರಲ್ಲಿ ಅಕ್ಷರ ಊದಿಕೊಂಡಿರುತ್ತದೆ, ನಿಮಿಷದ ಗೆರೆಗಳು ಅಂಕಿಗಳ ಜೊತೆ ಸಾಲಾಗಿ ನಿಲ್ಲುವುದಿಲ್ಲ, ಡಯಲ್ಲಿನ ತಳದ ಸಣ್ಣಕ್ಷರ ಕಲಸಿಹೋಗಿರುತ್ತದೆ ಅಥವಾ ಇರುವುದೇ ಇಲ್ಲ. ಡಯಲ್ ಕನ್ನಡಿಯ ಹಾಗೆ ಹೊಳೆಯುತ್ತಾ ಹಿಂಬದಿಯ ಮುಚ್ಚಳ ಮಾತ್ರ ಗೀರುಗೀರಾಗಿದ್ದರೆ ಉತ್ತರ ಅಲ್ಲೇ ಇದೆ. ಮಾರುವವರಿಗೆ ತಾಣದ ಸಂದೇಶದಲ್ಲೇ ಬರೆದು ಎರಡು ಫೋಟೋ ಕೇಳಿ: ಮುಚ್ಚಳ ತೆಗೆದು ಒಳಗಿನ ಯಂತ್ರದ್ದು ಒಂದು, ಇವತ್ತಿನ ತಾರೀಕು ಬರೆದ ಚೀಟಿಯ ಪಕ್ಕ ವಾಚು ಇಟ್ಟದ್ದು ಇನ್ನೊಂದು. ವಾಚು ನಿಜವಾಗಿ ಕೈಯಲ್ಲಿರುವವರಿಗೆ ಇದು ಐದು ನಿಮಿಷದ ಕೆಲಸ. ಶಿರಸಿಯಲ್ಲಿ ಅಡಿಕೆ ರಾಶಿಗೆ ಕೈ ಹಾಕಿ, ನಾಲ್ಕು ಅಡಿಕೆ ಒಡೆದು ನೋಡದೆ ಯಾವ ವ್ಯಾಪಾರಿ ತಾನೇ ಟೆಂಡರ್ ಬರೆಯುತ್ತಾನೆ? ಆನ್‌ಲೈನಿನಲ್ಲಿ ನಮಗೆ ಕೈ ಹಾಕಲು ಇರುವ ರಾಶಿ ಈ ಫೋಟೋಗಳೇ.

ಮಾರುವವರ ಚರಿತ್ರೆಯನ್ನೂ ತೆರೆದು ನೋಡಿ. ಶೇಕಡಾವಾರು ಅಂಕ ನೋಡಿ ತೃಪ್ತರಾಗಬೇಡಿ, ಬೈದು ಬರೆದದ್ದನ್ನು ಓದಿ. ಒಂದೊಂದು ಡಾಲರಿನ ಸ್ಟಿಕ್ಕರ್ ನೂರು ಮಾರಿ ಒಳ್ಳೆಯ ಹೆಸರು ಗಳಿಸಿ, ನೂರಾ ಒಂದನೆಯದಾಗಿ ದುಬಾರಿ ವಾಚು ಇಡುವವರಿದ್ದಾರೆ.

ಅಂದಹಾಗೆ, ಇಬೇಯ ಭಾರತದ ತಾಣ 2018ರ ಆಗಸ್ಟ್‌ನಲ್ಲೇ ಮುಚ್ಚಿತು. ಈಗ ಭಾರತದ ಮಾರಾಟಗಾರರು ಇಬೇಯ ಹೊರದೇಶದ ತಾಣಗಳಲ್ಲಿ ಮಾರುವುದು ಹೊರದೇಶದವರಿಗೆ. ಅಮೆರಿಕದಲ್ಲಿ 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ನಿಂತಿದೆ. ಹಾಗಾಗಿ ಸುಂಕ ಯಾರ ತಲೆಗೆ ಎಂದು ಮೊದಲೇ ಕೇಳಿ. ಮುಂಬೈನಿಂದ ಡಲ್ಲಾಸ್‌ಗೆ ಹೋಗಿ ಮತ್ತೆ ಬೆಂಗಳೂರಿಗೆ ಬರುವ ಆ ವಾಚು ನಿಮಗಿಂತ ಹೆಚ್ಚು ಸಲ ವಿಮಾನ ಹತ್ತಿರುತ್ತದೆ! ವಾಚ್ ಉದ್ಯಮ ಮುಚ್ಚಲು ತೀರ್ಮಾನವಾಗಿದ್ದರೂ ಎಚ್‌ಎಂಟಿ ತನ್ನದೇ ಜಾಲತಾಣದಲ್ಲಿ ಈಗಲೂ ವಾಚು ಮಾರುತ್ತದೆ, ಅಲ್ಲೂ ಒಮ್ಮೆ ನೋಡಿ. ಇನ್ನೊಂದು ಮಾತು, ಈ ವಿಷಯದಲ್ಲಿ ನನಗಿಂತ ದೊಡ್ಡ ತಜ್ಞರು ನಿಮ್ಮ ತಂದೆಯವರು. ಬಣ್ಣ ಬಳಿದ ಡಯಲ್ ಕೊಟ್ಟರೆ ಅವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಮಗಳ ಮುಖ ನೋಡಿ ಸುಮ್ಮನಿರುತ್ತಾರೆ, ಅಷ್ಟೆ.

ಪ್ರಶ್ನೆ: ಹಳೇ ಕ್ಯಾಮೆರಾ ಲೆನ್ಸ್ ಒಂದಕ್ಕೆ ಮೂರು ದಿನ ಕೂಗಿದೆ. ಕೊನೆಯ ಐದು ಸೆಕೆಂಡಿನಲ್ಲಿ ಬೇರೆ ಯಾರೋ ಹೊಡೆದುಕೊಂಡು ಹೋದರು. ಎರಡು ದಿನದ ಮೇಲೆ ‘ಗೆದ್ದವರು ಹಿಂದೆ ಸರಿದಿದ್ದಾರೆ, ನಿಮಗೇ ಕೊಡುತ್ತೇವೆ, ಈ ಖಾತೆಗೆ ಹಣ ಹಾಕಿ’ ಎಂದು ಇಮೇಲ್ ಬಂದಿದೆ.
— ಮೈಸೂರಿನಿಂದ ಓದುಗರು

ಗೆದ್ದವರು ಬಿಟ್ಟರೆ ನಂತರದವರಿಗೆ ಕೊಡುವ ‘ಎರಡನೇ ಅವಕಾಶ’ದ ಪದ್ಧತಿ ಸುಳ್ಳಲ್ಲ, ಇಬೇಯಲ್ಲೇ ಇದೆ. ಅದಕ್ಕೇ ಈ ಬಲೆಗೆ ಜನ ಬೀಳುವುದು. ನಿಜವಾದದ್ದಾದರೆ ತಾಣದಲ್ಲಿ ನಿಮ್ಮ ಖಾತೆಯ ಸಂದೇಶಪೆಟ್ಟಿಗೆಯಲ್ಲೂ ಇರುತ್ತದೆ, ಹಣವನ್ನು ತಾಣದೊಳಗೇ ಕಟ್ಟಬೇಕಾಗುತ್ತದೆ. ಇಮೇಲ್‌ನಲ್ಲಿರುವ ಕೊಂಡಿ ಒತ್ತಬೇಡಿ. ತಾಣದ ವಿಳಾಸವನ್ನು ನೀವೇ ಬೆರಳಿನಿಂದ ಟೈಪ್ ಮಾಡಿ ಒಳಗೆ ಹೋಗಿ ನೋಡಿ. ಅಲ್ಲಿ ಇಲ್ಲವೆಂದರೆ ಇಮೇಲ್ ಸುಳ್ಳು. ಬ್ಯಾಂಕ್ ಖಾತೆಗೆ ಹಣ ಹಾಕಿ ಎಂದಿರುವುದರಿಂದ ನಿಮ್ಮದು ಸುಳ್ಳೆಂದೇ ನನ್ನ ಲೆಕ್ಕ.

ಕೊನೆಯ ಸೆಕೆಂಡಿನವರ ಮೇಲೆ ಕೋಪ ಬೇಡ. ನಿಮ್ಮ ಗರಿಷ್ಠ ಬೆಲೆ 120 ಡಾಲರ್ ಎಂದು ಒಮ್ಮೆ ಬರೆದಿಟ್ಟರೆ ಸಾಕು, ಇನ್ನೊಬ್ಬರು 80 ಕೂಗಿದಾಗ ತಾಣವೇ ನಿಮ್ಮ ಪರವಾಗಿ 81 ಎನ್ನುತ್ತದೆ, ನೇರ 120ಕ್ಕೆ ಹಾರುವುದಿಲ್ಲ. ಮೂರು ದಿನ ಕಣ್ಣು ಕೆಂಪಗೆ ಮಾಡಿಕೊಂಡು ಕೂತರೆ ಏರುವುದು ಬೆಲೆ ಮಾತ್ರ. ಇದನ್ನು ಕಲಿಯಲು ನಾನೂ ಕೈ ಸುಟ್ಟುಕೊಂಡಿದ್ದೇನೆ. ಒಂದು ರಾತ್ರಿ ಹನ್ನೆರಡೂವರೆಗೆ, ಯಾವುದೋ ತಾಣದಲ್ಲಿ, ಮರದ ಪೆಟ್ಟಿಗೆಯ ವಾಲ್ವ್ ರೇಡಿಯೋ ಒಂದನ್ನು 1,100 ರೂಪಾಯಿಗೆ ಗೆದ್ದು ಕುರ್ಚಿಯಿಂದ ಎದ್ದು ಕುಣಿದಿದ್ದೆ. ಸಾಗಣೆ ವೆಚ್ಚ 1,850 ಎಂದು ಪುಟದ ತಳದಲ್ಲಿ ಬರೆದಿತ್ತು. ರೇಡಿಯೋ ಈಗಲೂ ಮನೆಯಲ್ಲಿದೆ, ಮೇಲೆ ಬೆಕ್ಕು ಮಲಗುತ್ತದೆ.

ಹರಾಜಿನ ಕೂಗಿನ ಪಟ್ಟಿಯನ್ನೂ ಗಮನಿಸಿ. ಒಂದೇ ಖಾತೆ ಒಬ್ಬನೇ ಮಾರಾಟಗಾರನ ವಸ್ತುಗಳಿಗೆಲ್ಲ ಕೂಗಿ, ಬೆಲೆ ಏರಿಸಿ, ಒಂದನ್ನೂ ಗೆಲ್ಲದೆ ಸರಿಯುತ್ತಿದ್ದರೆ ಅದು ಮಾರುವವನ ಭಾವಮೈದುನನೇ ಇರಬೇಕು.

ಪ್ರಶ್ನೆ: ಬ್ಯಾಂಕ್ ಹರಾಜಿನಲ್ಲಿ ಮನೆ ಅಗ್ಗಕ್ಕೆ ಸಿಗುತ್ತದೆ ಎನ್ನುತ್ತಾರೆ. ಏಜೆಂಟ್ ಒಬ್ಬರು ‘ಮುಂಗಡ ಠೇವಣಿ ನನಗೆ ಕೊಡಿ, ಆನ್‌ಲೈನಿನಲ್ಲಿ ನಾನೇ ಕಟ್ಟಿ ಕೂಗುತ್ತೇನೆ’ ಎಂದಿದ್ದಾರೆ.
— ತುಮಕೂರಿನಿಂದ ಓದುಗರು

ಏಜೆಂಟರ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸಾಲ ತೀರಿಸದವರ ಅಡಮಾನದ ಆಸ್ತಿಯನ್ನು ಮಾರಲು ಬ್ಯಾಂಕಿಗೆ ಅವಕಾಶ ಕೊಡುವ ಸರ್ಫೇಸಿ ಕಾಯ್ದೆಯಡಿ ಮಾರುವ ಆಸ್ತಿಯ ಸಾರ್ವಜನಿಕ ಹರಾಜಿಗೆ ಎರಡು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು, ಒಂದು ಸ್ಥಳೀಯ ಭಾಷೆಯದ್ದಾಗಿರಬೇಕು. ಕನ್ನಡ ಪತ್ರಿಕೆಯಲ್ಲಿ ಆ ಪ್ರಕಟಣೆ ಹುಡುಕಿ. ಅದರಲ್ಲಿರುವ ಶಾಖೆಗೆ ನೀವೇ ಹೋಗಿ ಅಧಿಕೃತ ಅಧಿಕಾರಿಯನ್ನು ಕಾಣಿ. ಸರ್ಕಾರಿ ಬ್ಯಾಂಕುಗಳ ಹರಾಜಿಗೆ 2025ರ ಜನವರಿಯಿಂದ ಬ್ಯಾಂಕ್‌ನೆಟ್ ಎಂಬ ತಾಣವಿದೆ, ಅಲ್ಲಿ ನಿಮ್ಮದೇ ಹೆಸರಿನಲ್ಲಿ ನೋಂದಣಿ ಮಾಡಿಕೊಳ್ಳಬಹುದು.

ದುಡ್ಡಿನ ಲೆಕ್ಕವನ್ನು ಕೂಗುವ ಮೊದಲೇ ಕಾಗದದ ಮೇಲೆ ಹಾಕಿ. ಮೀಸಲು ಬೆಲೆ, ಅಂದರೆ ಬ್ಯಾಂಕ್ ಇಟ್ಟ ಕನಿಷ್ಠ ಬೆಲೆ, 40 ಲಕ್ಷ ಎನ್ನಿ. ಠೇವಣಿ ಸಾಮಾನ್ಯವಾಗಿ ಶೇ 10, ಅಂದರೆ 4 ಲಕ್ಷ. ನೀವು 44 ಲಕ್ಷಕ್ಕೆ ಗೆದ್ದಿರಿ. ಅದರ ಶೇ 25, ಅಂದರೆ 11 ಲಕ್ಷ, ಅದೇ ದಿನ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಸಂದಾಯವಾಗಬೇಕು. ಠೇವಣಿ ಕಳೆದರೆ 7 ಲಕ್ಷ. ಉಳಿದ 33 ಲಕ್ಷಕ್ಕೆ ಮಾರಾಟ ಖಚಿತವಾದ ಮೇಲೆ 15 ದಿನ. ಅವಧಿ ವಿಸ್ತರಣೆಗೆ ನಿಯಮದಲ್ಲಿ ಅವಕಾಶವಿದೆ, ಆದರೆ ಸಿಕ್ಕೇ ಸಿಗುತ್ತದೆಂದು ನಂಬಿ ಕೂರಬೇಡಿ. ಕಟ್ಟಲಾಗದಿದ್ದರೆ ಕಟ್ಟಿದ್ದೂ ಮುಳುಗುತ್ತದೆ. ಗೃಹಸಾಲ ನಂಬಿಕೊಂಡಿದ್ದರೆ ಬ್ಯಾಂಕಿನ ಒಪ್ಪಿಗೆ ಮೊದಲೇ ಕೈಯಲ್ಲಿರಲಿ.

ಪ್ರಕಟಣೆಯಲ್ಲಿ ‘ಇದ್ದಲ್ಲಿ, ಇದ್ದಂತೆ’ ಎಂಬ ಮಾತಿರುತ್ತದೆ. ಅದರ ಅರ್ಥ, ಒಳಗೆ ಬಾಡಿಗೆದಾರ ಕೂತಿದ್ದರೂ, ತೆರಿಗೆ ಬಾಕಿ ಇದ್ದರೂ ಇನ್ನು ನಿಮ್ಮ ತಲೆನೋವು. ಸ್ವಾಧೀನ ಸಾಂಕೇತಿಕವೋ ಭೌತಿಕವೋ ಎಂದು ತಪ್ಪದೆ ಕೇಳಿ. ಸಾಂಕೇತಿಕ ಎಂದರೆ ಬ್ಯಾಂಕ್ ಬಾಗಿಲಿಗೆ ನೋಟಿಸ್ ಅಂಟಿಸಿದೆ, ಬೀಗದ ಕೈ ಮಾತ್ರ ಇನ್ನೂ ಹಳೇ ಮಾಲೀಕನ ಜೇಬಿನಲ್ಲಿದೆ. ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿ, ಆಸ್ತಿಯ ಖಾತೆ ಯಾರ ಹೆಸರಿನಲ್ಲಿದೆ ನೋಡಿ, ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ ಪ್ರಕರಣವಿದೆಯೇ ಎಂದು ವಕೀಲರಿಂದ ತಿಳಿದುಕೊಳ್ಳಿ. ಒಂದು ಸಂಜೆ ಆ ಬೀದಿಗೆ ಹೋಗಿ ಪಕ್ಕದ ಅಂಗಡಿಯಲ್ಲಿ ಟೀ ಕುಡಿಯಿರಿ. ಕಡತದಲ್ಲಿ ಇಲ್ಲದ್ದು ಅಂಗಡಿಯವರ ಬಾಯಲ್ಲಿರುತ್ತದೆ.

ಪ್ರಶ್ನೆ: ಹಳೇ ಮಂಚ ಮಾರಲು ಆನ್‌ಲೈನಿನಲ್ಲಿ ಹಾಕಿದ್ದೆ. ‘ನಾನು ಸೈನ್ಯದಲ್ಲಿದ್ದೇನೆ, ಬಂದು ನೋಡಲಾಗದು, ಈ ಕ್ಯುಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ನಿಮಗೆ ಬರುತ್ತದೆ’ ಎಂದರು. ಒತ್ತಿದೆ. 9,000 ರೂಪಾಯಿ ಹೋಯಿತು.
— ಹುಬ್ಬಳ್ಳಿಯಿಂದ ಓದುಗರು

ಯುಪಿಐ ಪಿನ್ ಇರುವುದು ಹಣ ಕಳಿಸುವುದಕ್ಕೆ, ಅಥವಾ ನಿಮ್ಮ ಖಾತೆಯಲ್ಲಿ ಎಷ್ಟು ಹಣವಿದೆ ಎಂದು ನೋಡುವುದಕ್ಕೆ. ಹಣ ಪಡೆಯಲು ಪಿನ್ ಬೇಡ, ಸ್ಕ್ಯಾನೂ ಬೇಡ. ಮಂಚ ನೋಡದೆ, ಚೌಕಾಸಿ ಮಾಡದೆ, ಕೇಳಿದಷ್ಟು ಕೊಡಲು ಒಪ್ಪುವ ಗಿರಾಕಿಯನ್ನು ಹುಬ್ಬಳ್ಳಿಯಲ್ಲಿ ಇದುವರೆಗೆ ಕಂಡಿದ್ದೀರಾ? ಸೈನಿಕನ ಗುರುತಿನ ಚೀಟಿಯ ಫೋಟೋ ಕಳಿಸಿರುತ್ತಾರೆ, ಅದು ಬೇರೆ ಯಾರಿಂದಲೋ ಹಾರಿಸಿದ್ದು. ಆ ಸೈನಿಕ ಪಾಪ, ತನ್ನ ಹೆಸರಿನಲ್ಲಿ ಮಂಚ ವ್ಯಾಪಾರ ನಡೆದಿದೆ ಎಂದೂ ಅರಿಯ.

ನಾಚಿಕೊಂಡು ಕೂರಬೇಡಿ. ಇದನ್ನು ಓದುತ್ತಿರುವ ಹೊತ್ತಿಗೂ ದೂರು ಕೊಟ್ಟಿಲ್ಲವಾದರೆ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆ ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಹಿಡಿಸಬಹುದು, ಹಾಗಾಗಿ ಮೊದಲ ಗಂಟೆಗಳಲ್ಲಿ ಕೊಟ್ಟ ದೂರಿಗೆ ಬಲ ಹೆಚ್ಚು. ರಾಷ್ಟ್ರೀಯ ಸೈಬರ್ ಅಪರಾಧ ದೂರು ತಾಣದಲ್ಲೂ ದಾಖಲಿಸಿ, ನಿಮ್ಮ ಬ್ಯಾಂಕಿಗೂ ಬರೆದು ತಿಳಿಸಿ. ಕರೆ ಮಾಡುವಾಗ ಯುಪಿಐ ಆ್ಯಪ್ ತೆರೆದು ಆ ವ್ಯವಹಾರದ 12 ಅಂಕಿಯ ಸಂಖ್ಯೆ, ಸಮಯ, ಮೊತ್ತ ಬರೆದಿಟ್ಟುಕೊಂಡಿರಿ. ಆತನ ಜೊತೆಗಿನ ಮಾತುಕತೆಯನ್ನು ಸಿಟ್ಟಿನಲ್ಲಿ ಅಳಿಸಬೇಡಿ. ಕ್ಯುಆರ್ ಚಿತ್ರವೂ ಹಾಗೇ ಇರಲಿ, ಪೊಲೀಸರು ಅದನ್ನು ಕೇಳುತ್ತಾರೆ.