ಎಸ್‌ಎಟಿ (ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆ) ಗ್ರಾಮರ್ ಪ್ರಶ್ನೆಗಳಲ್ಲಿ ಎರಡು ಉತ್ತರ ಸರಿ ಅನ್ನಿಸುತ್ತೆ. ಯಾವ ಗ್ರಾಮರ್ ಪುಸ್ತಕ ಓದಲಿ?

ಯಾವುದೂ ಬೇಡ. ನಾಲ್ಕರಲ್ಲಿ ಎರಡನ್ನು ಹೊಡೆದುಹಾಕಿ, ಉಳಿದೆರಡರ ನಡುವೆ ಒದ್ದಾಡಿದವನು ನಾನೂ ಹೌದು. ಜೆರಂಡ್ ಅಂದ್ರೇನು, ಪಾರ್ಟಿಸಿಪಲ್ ಅಂದ್ರೇನು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಹೇಳ್ತಿದ್ದೆ. ಪರೀಕ್ಷೆಯಲ್ಲಿ ಅದನ್ನು ಯಾರೂ ಕೇಳಲಿಲ್ಲ.

ನನ್ನ ಅಂಕ ತಿಂದದ್ದು ನನ್ನ ಕಿವಿ. ಇಂಗ್ಲಿಷ್ ಕಾದಂಬರಿ ಓದಿಕೊಂಡು ಬೆಳೆದವನು, ಕಿವಿಯ ಮೇಲೆ ವಿಪರೀತ ನಂಬಿಕೆ. ಮನಸ್ಸಲ್ಲೇ ಓದೋದು, ಉಸಿರು ನಿಂತಲ್ಲಿ ಕಾಮಾ ಒತ್ತೋದು. 'ದಿ ರಿವರ್ ಫ್ಲಡ್ಸ್ ಎವ್ರಿ ಇಯರ್, ದಿ ಫಾರ್ಮರ್ಸ್ ಸ್ಟೇ.' ಓದೋಕೆ ಏನೂ ತೊಂದರೆ ಇಲ್ಲ, ಅಲ್ವಾ? ಆದರೆ ಕಾಮಾದ ಎಡಕ್ಕೂ ಪೂರ್ತಿ ವಾಕ್ಯ, ಬಲಕ್ಕೂ ಪೂರ್ತಿ ವಾಕ್ಯ. ಅಲ್ಲಿ ಫುಲ್‌ಸ್ಟಾಪ್ ಅಥವಾ ಸೆಮಿಕೋಲನ್ ಬೇಕು, ಇಲ್ಲ ಕಾಮಾ ಜೊತೆ 'ಬಟ್' ಥರದ್ದೊಂದು ಇರಬೇಕು.

ಇಷ್ಟು ನನಗೂ ಗೊತ್ತಿತ್ತು. 'ಹೌಎವರ್' ಬಂದಾಗ ಮಾತ್ರ ಬೀಳ್ತಿದ್ದೆ. 'ಬಟ್' ಅರ್ಥ ಕೊಡುತ್ತಲ್ಲ, ಹಾಗಾಗಿ ಎರಡು ವಾಕ್ಯಗಳನ್ನು ಅದೂ ಜೋಡಿಸುತ್ತೆ ಅಂದುಕೊಂಡು ಅದರ ಎರಡೂ ಕಡೆ ಕಾಮಾ ಇರೋ ಆಯ್ಕೆಯನ್ನೇ ಆರಿಸ್ತಿದ್ದೆ. ಜೋಡಿಸಲ್ಲ. 'ಹೌಎವರ್' ಮೇಲೆ ಬೆರಳಿಟ್ಟು ಮುಚ್ಚಿ ನೋಡಿ, ಉಳಿಯೋದು ಅದೇ ತಪ್ಪು ವಾಕ್ಯ. 'ಹೌಎವರ್'ಗಿಂತ ಮೊದಲು ಸೆಮಿಕೋಲನ್ ಬೇಕು.

ಇದನ್ನು ಕಲಿತ ಮೇಲೆ ಇನ್ನೊಂದು ಹಳ್ಳ. ಹಿಂದಿನ ವಾಕ್ಯದಲ್ಲಿ ರೈತರು ಊರು ಬಿಡ್ತಾರೆ ಅಂತ ಎಲ್ಲರೂ ನಿರೀಕ್ಷಿಸಿದ್ದರು ಅಂತಿದೆ ಅನ್ನಿ. ಆಮೇಲೆ: 'ದಿ ಫಾರ್ಮರ್ಸ್ ಸ್ಟೇಡ್, ಹೌಎವರ್, ದಿ ಸಾಯಿಲ್ ವಾಸ್ ರಿಚ್.' ಇಲ್ಲಿ ಸೆಮಿಕೋಲನ್ 'ಹೌಎವರ್' ಆದಮೇಲೆ! ಯಾಕಂದ್ರೆ ವಿರೋಧ ಇರೋದು ಉಳಿದುಕೊಂಡಿದ್ದಕ್ಕೂ ಹಿಂದಿನ ನಿರೀಕ್ಷೆಗೂ. ಮಣ್ಣು ಚೆನ್ನಾಗಿತ್ತು ಅನ್ನೋದು ಬರೀ ಕಾರಣ. ಖಾಲಿ ಜಾಗ ಇರೋ ವಾಕ್ಯವನ್ನಷ್ಟೇ ಓದಿದರೆ ಇದು ಹೊಳೆಯೋದೇ ಇಲ್ಲ. ನಾನು ಸಮಯ ಉಳಿಸ್ತೀನಿ ಅಂತ ಅಷ್ಟನ್ನೇ ಓದ್ತಿದ್ದೆ.

ಇನ್ನು ನಿಮ್ಮ 'ಎರಡೂ ಸರಿ' ವಿಷಯ. ಹಾಗಿರೋಕೆ ಸಾಧ್ಯವಿಲ್ಲ. ಒಂದು ಆಯ್ಕೆಯಲ್ಲಿ ಸೆಮಿಕೋಲನ್, ಇನ್ನೊಂದರಲ್ಲಿ ಅದೇ ಜಾಗಕ್ಕೆ ಫುಲ್‌ಸ್ಟಾಪ್, ಬೇರೆ ವ್ಯತ್ಯಾಸವೇ ಇಲ್ಲ ಅಂದ್ರೆ ಎರಡೂ ತಪ್ಪು. ಉತ್ತರ ಒಂದೇ ಇರಬೇಕಲ್ಲ. ಹಾಗಾಗಿ ಮೊದಲು ಆಯ್ಕೆಗಳು ಎಲ್ಲಿ ಬೇರೆಯಾಗಿವೆ ನೋಡಿ. ಚಿಹ್ನೆ ಮಾತ್ರ ಬದಲಾಗ್ತಿದ್ದರೆ ವಾಕ್ಯ ಎಲ್ಲಿ ಮುಗಿಯುತ್ತೆ ಅಂತ ಹುಡುಕಿ. ಕ್ರಿಯಾಪದ ಬದಲಾಗ್ತಿದ್ದರೆ ಕರ್ತೃವನ್ನು ಹುಡುಕಿ. ಕನ್ನಡದವರಿಗೆ ಇದು ವಿಶೇಷ ಬೋನು: ನಮ್ಮಲ್ಲಿ 'ಪತ್ರಗಳ ಪೆಟ್ಟಿಗೆ ಇದೆ', ಪೆಟ್ಟಿಗೆ ಕ್ರಿಯಾಪದದ ಪಕ್ಕದಲ್ಲೇ ಕೂತಿರುತ್ತೆ. 'ದಿ ಬಾಕ್ಸ್ ಆಫ್ ಲೆಟರ್ಸ್' ಅಂದಾಗ ಪಕ್ಕದಲ್ಲಿರೋದು ಲೆಟರ್ಸ್, ಕೈ ತಾನಾಗೇ 'ಆರ್' ಕಡೆ ಹೋಗುತ್ತೆ.

ಓದು-ಬರಹ ವಿಭಾಗದ 54 ಪ್ರಶ್ನೆಗೆ ಸಿಗೋದು 64 ನಿಮಿಷ, ತಲಾ 27 ಪ್ರಶ್ನೆಯ ಎರಡು ಭಾಗ, ಅಂದ್ರೆ ಮಾಡ್ಯೂಲ್. ಗ್ರಾಮರ್ ಬರೋದು ಪ್ರತಿ ಮಾಡ್ಯೂಲ್‌ನ ಕೊನೆಯರ್ಧದಲ್ಲಿ, ಓದಿನ ಪ್ರಶ್ನೆಗಳು ಸಮಯ ನುಂಗಿದ ಮೇಲೆ. ನಾನಾಗಿದ್ದರೆ ಈಗ ಅಲ್ಲಿಂದಲೇ ಶುರು ಮಾಡ್ತೀನಿ, ಮಾಡ್ಯೂಲ್ ಒಳಗೆ ಹಿಂದೆ ಮುಂದೆ ಹೋಗಬಹುದು. ತಪ್ಪಿಗೆ ಅಂಕ ಕತ್ತರಿಸಲ್ಲ, ಯಾವುದನ್ನೂ ಖಾಲಿ ಬಿಡಬೇಡಿ.