ರಸ್ತೆ ಮೊದಲೋ, ಸೈಟು ಮೊದಲೋ?

ಪ್ರಶ್ನೆ: ನಮ್ಮದು ತುಮಕೂರಿನ ಅಂಚಿನ ಬಡಾವಣೆ. ಪಕ್ಕದ ಲೇಔಟಿನ ರಸ್ತೆ ನಮ್ಮ ಕಾಂಪೌಂಡ್ ಗೋಡೆಗೆ ಬಂದು ನಿಂತುಬಿಡುತ್ತದೆ. ಮಳೆ ಬಂದರೆ ಅಲ್ಲಿಯ ನೀರೆಲ್ಲ ನಮ್ಮ ಬೀದಿಗೆ. ಆಚೆ ಬದಿಯಲ್ಲಿ ನಮ್ಮಣ್ಣನ ಒಂದೆಕರೆ ಹೊಲವಿದೆ, ಊರು ಅಲ್ಲಿಗೂ ಬರುತ್ತಿದೆ. ಬೆಂಗಳೂರಿನ ಪಾಡು ನಮಗೂ ಬಾರದಂತೆ ಪಾಲಿಕೆ ಏನು ಮಾಡಬಹುದು ಸಾರ್?
– ಓದುಗರು, ಬಟವಾಡಿ

ಉತ್ತರ: ಮೊದಲು ಒಂದು ವಿಷಯ. ಲೇಔಟ್ ನಕ್ಷೆಗೆ ಒಪ್ಪಿಗೆ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಟೂಡಾ. ಆಮೇಲೆ ಚರಂಡಿ, ನೀರು, ಕಸದ ಹೊರೆ ಪಾಲಿಕೆಯ ತಲೆಗೆ. ನಕ್ಷೆ ಬರೆಯುವವರು ಒಬ್ಬರು, ಬೈಸಿಕೊಳ್ಳುವವರು ಇನ್ನೊಬ್ಬರು.

ನಮ್ಮಲ್ಲಿ ಊರು ಬೆಳೆಯುವುದು ಸರ್ವೆ ನಂಬರಿನ ಲೆಕ್ಕದಲ್ಲಿ. ಎರಡೆಕರೆ ಇದ್ದವರು ಎರಡೆಕರೆಗೆ ಸಾಲುವಷ್ಟು ರಸ್ತೆ ಬಿಟ್ಟು ಬದುವಿಗೆ ನಿಲ್ಲಿಸುತ್ತಾರೆ. ಪಕ್ಕದವರ ರಸ್ತೆ ಅದಕ್ಕೆ ಕೂಡಿಕೊಂಡರೆ ನಿಮ್ಮ ಪುಣ್ಯ. ಇದಕ್ಕೆ ಮದ್ದು ಹಳೆಯದೇ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ನಗರ ಯೋಜನಾ ಸ್ಕೀಮಿಗೆಂದೇ ಒಂದು ಅಧ್ಯಾಯವಿದೆ. ಅಂದರೆ ಹಲವರ ಹೊಲಗಳನ್ನು ಒಟ್ಟು ಮಾಡಿ, ರಸ್ತೆ, ಕಾಲುವೆಗೆ ಜಾಗ ತೆಗೆದು, ಉಳಿದದ್ದನ್ನು ಮಾಲೀಕರಿಗೇ ಹಿಂದಿರುಗಿಸುವ ಯೋಜನೆ. ನಾವು ಅದನ್ನು ಬಳಸಿದ್ದು ತೀರಾ ಕಡಿಮೆ. ಗುಜರಾತಿನವರು ದಶಕಗಳಿಂದ ಬಳಸುತ್ತಿದ್ದಾರೆ. ಅಹಮದಾಬಾದಿನ 76 ಕಿ.ಮೀ. ವರ್ತುಲ ರಸ್ತೆಗೆ ಜಾಗ ಹೊಂದಿಸಿದ್ದರಲ್ಲಿ ಈ ದಾರಿಯ ಪಾಲು ದೊಡ್ಡದು.

ಲೆಕ್ಕವನ್ನು ನಿಮ್ಮಣ್ಣನ ಹೊಲದಲ್ಲೇ ಹಾಕೋಣ. ಸುತ್ತಲಿನ ನೂರಾರು ಎಕರೆಯನ್ನು ಒಟ್ಟಿಗೆ ಸೇರಿಸಿ, ಮೊದಲು ರಾಜಕಾಲುವೆ, ಆಮೇಲೆ ಅಗಲದ ರಸ್ತೆ, ಪಾರ್ಕು, ಶಾಲೆಯ ಜಾಗ ಗುರುತಿಸುತ್ತಾರೆ. ಇದಕ್ಕೆ ಶೇ 40 ಹೋಯಿತು ಅನ್ನಿ. 40 ಗುಂಟೆಯಲ್ಲಿ 24 ಗುಂಟೆ ಅವರ ಹೆಸರಿಗೇ ವಾಪಸ್ಸು ಬರುತ್ತದೆ, ಚೌಕಾಕಾರದಲ್ಲಿ, ರಸ್ತೆಗೆ ಮುಖಮಾಡಿ. ಗುಂಟೆಗೆ 1,089 ಚದರಡಿ. 30x40ರ ಸೈಟು 21 ಆಗುತ್ತವೆ. ದಾರಿಯೇ ಇಲ್ಲದ ಒಂದೆಕರೆಗಿಂತ ಇದಕ್ಕೇ ಬೆಲೆ ಹೆಚ್ಚು.

ತೊಡಕಿಲ್ಲವೆಂದಲ್ಲ. ಐದು ಗುಂಟೆಯವರಿಗೂ ಅದೇ ಪಾಲು ಕತ್ತರಿಸಿದರೆ ಅವರಿಗೆ ಮನೆ ಕಟ್ಟುವಷ್ಟೇ ಉಳಿದೀತು. ಅಂಥವರಿಗೆ ಕಡಿತ ಕಡಿಮೆ ಇರಲೇಬೇಕೆಂದು ನನ್ನ ಅಭಿಪ್ರಾಯ. ವರ್ಷಗಟ್ಟಲೆ ಹಿಡಿಯುವ ಕೆಲಸವೂ ಹೌದು, ಅಷ್ಟರಲ್ಲಿ ಬ್ರೋಕರುಗಳು ಸುಮ್ಮನಿರುವವರಲ್ಲ. ಹಾಗಾಗಿ ಊರು ಹೊಲ ಮುಟ್ಟುವ ಮೊದಲೇ ಶುರುಮಾಡಬೇಕು. ಮನೆಗಳು ಎದ್ದ ಮೇಲೆ ಯಾವ ಸ್ಕೀಮೂ ನಡೆಯದು.

ಪಾಲಿಕೆ ತಾನಾಗಿ ಮಾಡಬಹುದಾದ್ದೂ ಇದೆ. 2011ರ ಜನಗಣತಿಯಲ್ಲೇ ತುಮಕೂರು 3 ಲಕ್ಷ ದಾಟಿದೆ. ಅಷ್ಟು ಜನವಿರುವಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನವೇ ಹೇಳುತ್ತದೆ. ನಿಮ್ಮ ಗೋಡೆಯ ವಿಷಯ ಅಲ್ಲಿ ಚರ್ಚೆಯಾಗಲಿ.

ಅಲ್ಲಿಗೆ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಭೂಮಾಪನ ಇಲಾಖೆಯ ಗ್ರಾಮ ನಕ್ಷೆ ತೆಗೆದುಕೊಂಡು, ಪಕ್ಕದ ಲೇಔಟಿನ ಮಂಜೂರಾದ ನಕ್ಷೆಯನ್ನು ಅದರ ಜೊತೆ ಇಟ್ಟು ನೋಡಿ. ಹಳ್ಳ, ಕಾಲುವೆ ಎಂದು ಗೆರೆ ಇದ್ದ ಜಾಗದಲ್ಲಿ ಈಗ ಸೈಟ್ ನಂಬರ್ ಇದೆಯೇ? ಇದ್ದರೆ ಮಳೆನೀರು ನಿಮ್ಮ ಬೀದಿಗೆ ಯಾಕೆ ಬರುತ್ತಿದೆಯೆಂದು ಅಧಿಕಾರಿಗಳಿಗೆ ನೀವೇ ತೋರಿಸಬಹುದು.