ಏಳು ವರ್ಷದ ಮೇಲೆ ಮತ್ತೆ ಕಲೆ

ಪ್ರಶ್ನೆ: ಅಪ್ಪಯ್ಯನಿಗೆ 64 ವರ್ಷ, ಅಡಿಕೆ ಬೆಳೆಗಾರರು. ಏಳು ವರ್ಷದ ಹಿಂದೆ ಮೊದಲ ಹಂತದ ಶ್ವಾಸಕೋಶ ಕ್ಯಾನ್ಸರ್‌ಗೆ ಬಲಗಡೆಯ ಮೇಲಿನ ಹಾಲೆ (ಶ್ವಾಸಕೋಶದ ಒಂದು ಭಾಗ) ತೆಗೆದಿದ್ದರು. ಐದು ವರ್ಷ ದಾಟಿತೆಂದು ಚೆಕಪ್ ಬಿಟ್ಟೆವು. ಈಗ ಎರಡು ತಿಂಗಳಿಂದ ಒಣಕೆಮ್ಮು, ಎಕ್ಸ್‌ರೇಯಲ್ಲಿ ಎಡಗಡೆ ಕಲೆ. ‘ಟಿಬಿ ಇರಬಹುದು, ಮಾತ್ರೆ ಕೊಟ್ಟು ನೋಡೋಣ’ ಎನ್ನುತ್ತಾರೆ. ಇಷ್ಟು ವರ್ಷದ ಮೇಲೂ ಕ್ಯಾನ್ಸರ್ ಮರಳುತ್ತದೆಯೇ?
– ಹೊಸನಗರ ತಾಲ್ಲೂಕಿನ ಓದುಗರು

ಉತ್ತರ: ಮರಳಬಹುದು. ಹೆಚ್ಚಿನವು ಮೊದಲ ಎರಡು-ಮೂರು ವರ್ಷದಲ್ಲೇ ಕಾಣಿಸಿಕೊಳ್ಳುತ್ತವೆ, ನಿಜ. ಆದರೆ ಆಪರೇಷನ್‌ಗೆ ಮೊದಲೇ ಜಾರಿಹೋದ ಕೆಲವು ಜೀವಕೋಶಗಳು ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಬೆಳೆಯುವುದುಂಟು. ಹಳೆಯದಕ್ಕೆ ಸಂಬಂಧವೇ ಇಲ್ಲದ ಹೊಸ ಕ್ಯಾನ್ಸರ್ ಹುಟ್ಟುವ ಸಂಭವವೂ ವರ್ಷಕ್ಕೆ ನೂರರಲ್ಲಿ ಒಬ್ಬಿಬ್ಬರಿಗೆ ಇದೆ. ಟಿಬಿಯೂ ಇರಬಹುದು. ಈ ಮೂರನ್ನೂ ಎಕ್ಸ್‌ರೇ ಬೇರ್ಪಡಿಸಲಾರದು. ಚುರುಕಾದ ಜೀವಕೋಶಗಳನ್ನು ಹೊಳೆಯುವಂತೆ ತೋರಿಸುವ ಪೆಟ್ ಸ್ಕ್ಯಾನ್ ಕೂಡ ಸಾಲದು, ಟಿಬಿ ಗಂಟೂ ಅದರಲ್ಲಿ ಹೊಳೆಯುತ್ತದೆ. ಹಾಗಾಗಿ ಪುರಾವೆಯಿಲ್ಲದೆ ಟಿಬಿ ಮಾತ್ರೆ ಶುರುಮಾಡಬೇಡಿ. ಕ್ಯಾನ್ಸರ್ ಆಗಿದ್ದರೆ ಆ ತಿಂಗಳುಗಳು ದಂಡ.

ಮೊದಲು ಕಫವನ್ನು ಟಿಬಿ ಬ್ಯಾಕ್ಟೀರಿಯಾದ ಜೀನ್ ಹುಡುಕುವ ಸಿಬಿನ್ಯಾಟ್ ಪರೀಕ್ಷೆಗೆ ಕೊಡಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಜೊತೆಗೆ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ) ನೋಡಿಸಿ ಎದೆಯ ಕಾಂಟ್ರಾಸ್ಟ್ ಸಿಟಿ, ಅಂದರೆ ಬಣ್ಣದ ಇಂಜೆಕ್ಷನ್ ಕೊಟ್ಟು ತೆಗೆಯುವ ಸ್ಕ್ಯಾನ್ ಆಗಲಿ. ಯಕೃತ್ತು, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳೂ ಅದರಲ್ಲಿ ಬರಬೇಕು. ಹಳೆಯ ಸಿಟಿಯ ಸಿಡಿ ಒಯ್ಯಿರಿ, ಬರೀ ರಿಪೋರ್ಟ್ ಅಲ್ಲ. ಗಂಟು ಹೊಸತೋ ಮೊದಲೇ ಇತ್ತೋ ಎಂಬುದು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಮಾತ್ರ ತಿಳಿಯುತ್ತದೆ.

ಆಮೇಲೆ ಸೂಜಿ ಬಯಾಪ್ಸಿ. ಇಲ್ಲಿ ಆಗುವ ಎಡವಟ್ಟು ಒಂದೇ: ತೆಗೆದ ತುಣುಕೆಲ್ಲ ಕೆಡದಂತಿಡುವ ದ್ರಾವಣವಾದ ಫಾರ್ಮಲಿನ್‌ಗೆ ಬೀಳುತ್ತದೆ. ಫಾರ್ಮಲಿನ್ ಟಿಬಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದರಿಂದ ಕಲ್ಚರ್ (ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಬೆಳೆಯುವುದಿಲ್ಲ. ಒಂದು ತುಣುಕು ಸಲೈನ್‌ನಲ್ಲಿ ಟಿಬಿಗೆ ಹೋಗಲಿ ಎಂದು ಮೊದಲೇ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ತಿಳಿಸಿ. ಸೂಜಿ ಚುಚ್ಚಿದ ಜಾಗದಿಂದ ಗಾಳಿ ಸೋರಿ ಶ್ವಾಸಕೋಶ ಕುಸಿಯಬಹುದು; ಒಂದು ಹಾಲೆ ಇಲ್ಲದವರಿಗೆ ಅದು ಹೆಚ್ಚು ಕಷ್ಟ. ಅದೇ ದಿನ ಊರಿನ ಬಸ್ ಹತ್ತದೆ, ಆ ರಾತ್ರಿ ಶಿವಮೊಗ್ಗದಲ್ಲೇ ಉಳಿಯಿರಿ.

ಆಪರೇಷನ್ ಆದ ಆಸ್ಪತ್ರೆಯಿಂದ ಹಳೆಯ ಪ್ಯಾರಾಫಿನ್ ಬ್ಲಾಕನ್ನೂ (ಆಗ ತೆಗೆದ ಗಂಟಿನ ತುಣುಕು ಮೇಣದಲ್ಲಿ ಇಟ್ಟದ್ದು) ಕೇಳಿ ಪಡೆಯಿರಿ. ಹೊಸ ತುಣುಕಿನೊಡನೆ ಹೋಲಿಸಿದರೆ ಮರಳಿದ್ದೋ ಹೊಸದೋ ಹೇಳಲು ಸುಲಭ. ಅಡಿನೋಕಾರ್ಸಿನೋಮಾ ಎಂಬ ಬಗೆಯ ಕ್ಯಾನ್ಸರ್ ಆಗಿದ್ದರೆ ಇಜಿಎಫ್‌ಆರ್, ಎಎಲ್‌ಕೆ ಎಂಬ ಜೀನ್ ಬದಲಾವಣೆಗಳ ಪರೀಕ್ಷೆ ಬಿಡಬೇಡಿ, ಅವು ಪಾಸಿಟಿವ್ ಬಂದರೆ ಮಾತ್ರೆಯ ಚಿಕಿತ್ಸೆಯೇ ಇದೆ. ಒಂದೇ ಗಂಟಾಗಿದ್ದು ಬೇರೆಲ್ಲೂ ಹರಡಿಲ್ಲದಿದ್ದರೆ ಮತ್ತೆ ಆಪರೇಷನ್ ಅಥವಾ ಕೇಂದ್ರೀಕೃತ ರೇಡಿಯೇಷನ್‌ನಿಂದ ಗುಣಪಡಿಸುವ ಅವಕಾಶವಿದೆ. ತಲೆನೋವಿನ ಜೊತೆ ವಾಂತಿ, ಕಫದಲ್ಲಿ ರಕ್ತ, ಹೊಸದಾಗಿ ಬೆನ್ನುನೋವು ಕಂಡರೆ ಈ ಕ್ರಮಕ್ಕೆಲ್ಲ ಕಾಯದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಶ್ವಾಸಕೋಶ ಕ್ಯಾನ್ಸರ್ ಆಪರೇಷನ್ ಆಗಿ ಆರು ವರ್ಷ. ವರ್ಷಕ್ಕೊಂದು ಎಕ್ಸ್‌ರೇ ಸಾಲದೇ?
– ತೀರ್ಥಹಳ್ಳಿಯ ಓದುಗರು

ಉತ್ತರ: ಸಾಲದು. ಹೃದಯದ ಹಿಂದೆ, ಪಕ್ಕೆಲುಬಿನ ನೆರಳಲ್ಲಿ ಸಣ್ಣ ಗಂಟು ಅಡಗುತ್ತದೆ. ವರ್ಷಕ್ಕೊಮ್ಮೆ ಕಡಿಮೆ ವಿಕಿರಣದ ಸಿಟಿ ಮಾಡಿಸಿ, ಇದಕ್ಕೆ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಡ. ಫಿಲ್ಮ್‌ಗಳು ನಮ್ಮ ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟುತ್ತವೆ. ಸಿಡಿಯನ್ನು ಪೆನ್‌ಡ್ರೈವ್‌ಗೆ ಹಾಕಿಸಿ ಇಟ್ಟುಕೊಳ್ಳಿ.